ಬೆನ್ನ ಹಿಂದೆ ನಿಲ್ಲುತ್ತಿದ್ದ ಡಾಕ್ಟರು

ಡಾಕ್ಟರ್ ಹನೀಫ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಎರಡು ಬೆರಳು. ಭುಜ ತೋರಿಸಲು ಬಂದವರ ಅಂಗಿ ಬಿಚ್ಚಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಾವು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಹೆಗಲ ಹಿಂದಿನ ಮೂಳೆಯ ಮೇಲೆ ಎರಡು ಬೆರಳಿಟ್ಟು "ಕೈ ಎತ್ತಿ, ಮೆಲ್ಲ" ಎನ್ನುತ್ತಿದ್ದರು. ಎತ್ತಿದ ಕೈಯನ್ನು ಮಾತ್ರ ನೋಡುತ್ತಲೇ ಇರಲಿಲ್ಲ. "ಕೈ ಸುಳ್ಳು ಹೇಳ್ತದೆ ಶೇಖರಣ್ಣ, ಬೆನ್ನಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ" ಎಂದು ನನಗೆ ಹೇಳುತ್ತಿದ್ದರು. ನಾನು ಹೊತ್ತು ತಂದ ಸ್ಕ್ಯಾನು ಮೇಜಿನ ಮೇಲೆ ಕವರಿನೊಳಗೇ ಬಿದ್ದಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಿಕ್ಷೆಗೆ ನಿಲ್ಲಿಸಿದ ಶಾಲೆ ಹುಡುಗನಂತೆ ಗೋಡೆ ನೋಡುತ್ತ ನಿಲ್ಲುವ ವಯಸ್ಸೇ ನನ್ನದು?

ನಾನು ಒಂದು ಕಡೆ ಕೂರುವ ಜನವೂ ಅಲ್ಲ. ಬೋಟುಗಳಿಗೆ ಹೆಸರು ಬರೆಯುವುದು ನನ್ನ ಕೆಲಸ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಬೋಟುಗಳನ್ನು ದಡಕ್ಕೆಳೆದು ಬಣ್ಣ ಬಳಿಯುತ್ತಾರೆ. ಮುಂಭಾಗದ ಎರಡೂ ಬದಿಗೆ ಹೆಸರು ಬರೆಯಲು ನನಗೆ ಕರೆ ಬರುತ್ತದೆ. ಕೆಳಗೆ ನಿಂತು ಕತ್ತೆತ್ತಿ, ಕೈಯೆತ್ತಿ ಬರೆಯಬೇಕು. ಮೂವತ್ತು ವರ್ಷ ಹೀಗೆ ಬರೆದ ಬಲಗೈ ಒಂದು ಬೆಳಿಗ್ಗೆ ತಲೆ ಬಾಚಲಿಕ್ಕೂ ಮೇಲೇಳಲಿಲ್ಲ. ಇನ್ನು ಬ್ರಷ್ ಹಿಡಿಯುವುದುಂಟೋ ಇಲ್ಲವೋ ಎಂಬ ಯೋಚನೆಯಲ್ಲಿ ನಾನು ಜೆಪ್ಪುವಿನ ನಮ್ಮ ಮನೆಯ ಜಗಲಿಯಲ್ಲಿ ದಿನವಿಡೀ ಅತ್ತಿಂದಿತ್ತ ನಡೆಯುತ್ತಿದ್ದೆ.

ಮೊದಲ ಭೇಟಿಯಲ್ಲಿ ಡಾಕ್ಟರು ನೋವಿನ ಬಗ್ಗೆ ಕೇಳಲಿಲ್ಲ. "ಬೆನ್ನಿಗೆ ಸಾಬೂನು ಯಾರು ಹಾಕುವುದು ಈಗ?" ಎಂದು ಕೇಳಿದರು.

"ಹೆಂಡತಿ."

"ಹೆಸರೆಂತ?"

"ಸುಜಾತ."

ಅದನ್ನು ಫೈಲಿನ ಮೇಲೆ ನನ್ನ ಹೆಸರಿನ ಕೆಳಗೇ ಬರೆದುಕೊಂಡರು. ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಜೊತೆಗೆ ಬಂದಿದ್ದ ಅವಳಿಗೆ. "ಸುಜಾತಕ್ಕ, ರಾತ್ರಿ ಯಾವ ಮಗ್ಗುಲಿಗೆ ಮಲಗ್ತಾರೆ? ಅಂಗಿ ಹಾಕುವಾಗ ಯಾವ ಕೈ ಮೊದಲು?" ನಾನು ಪಕ್ಕದಲ್ಲಿ ಕಂಬದ ಹಾಗೆ. ಎಲ್ಲ ರೋಗಿಗಳಿಗೂ ಹೀಗೆಯೇ ಎಂದು ಆಮೇಲೆ ತಿಳಿಯಿತು. ಹೊರಗೆ ಕಾಯುವವರನ್ನು ನರ್ಸಿನ ಕೈಯಲ್ಲಿ ಕರೆಸುತ್ತಿರಲಿಲ್ಲ, ತಾವೇ ಬಾಗಿಲಿಗೆ ಬಂದು ಕರೆಯುತ್ತಿದ್ದರು. ಕುರ್ಚಿಗೆ ಯಾವ ಕೈ ಊರಿ ಏಳುತ್ತಾರೆ, ಚೀಲ ಯಾರು ಎತ್ತಿಕೊಳ್ಳುತ್ತಾರೆ ಎಂದು ನೋಡುವ ಉಪಾಯ ಅದು. ಇದರಿಂದಾಗಿ ಒಬ್ಬೊಬ್ಬರಿಗೆ ಅರ್ಧ ಗಂಟೆ. ಕಾಯುವವರ ಪೈಕಿ ಹೆಚ್ಚು ಗೊಣಗುತ್ತಿದ್ದವನು ನಾನೇ.

ಭುಜದೊಳಗೆ ಹರಿದ ಸ್ನಾಯುವನ್ನು ಹೊಲಿದು, ಕೈಯನ್ನು ಪಟ್ಟಿಯಲ್ಲಿ ಎದೆಗೆ ಕಟ್ಟಿ ಕಳಿಸಿದರು. ಆರು ವಾರ ಬಿಚ್ಚಬಾರದು. ಐದನೆಯ ವಾರ ಒಬ್ಬ ಬೋಟಿನ ಯಜಮಾನನ ಫೋನು ಬಂತು. "ರಜೆ ಮುಗೀತಾ ಬಂತು ಶೇಖರಣ್ಣ. ನೀವು ಬರುವುದಿಲ್ಲಾಂದ್ರೆ ಹೇಳಿ, ಸ್ಟಿಕ್ಕರ್ ಅಂಟಿಸ್ತೇನೆ." ಸ್ಟಿಕ್ಕರ್ ಎಂಬ ಶಬ್ದ ಕೇಳಿದ್ದೇ ತಡ, ನನ್ನ ತಲೆ ಕೆಟ್ಟಿತು. ಸುಜಾತ ಅಂಗಡಿಗೆ ಹೋದ ಹೊತ್ತಿಗೆ ಪಟ್ಟಿ ಬಿಚ್ಚಿಟ್ಟು ಹೊರಟೆ. ಮೊದಲ ಮೂರು ಅಕ್ಷರ ಚೆನ್ನಾಗಿಯೇ ಬಂದವು. ನಾಲ್ಕನೆಯದರ ತಲೆಕಟ್ಟಿಗೆ ಕೈ ಎತ್ತಿದಾಗ ಒಳಗೆ ಏನೋ ಫಟ್ಟೆಂದಿತು.

ಸುಜಾತಳಿಗೆ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ಡಾಕ್ಟರು ಕೇಳಿದರೆ ಎಲ್ಲ ಸರಿ ಉಂಟು ಎನ್ನು ಎಂದು ಅವಳಿಗೆ ದಾರಿಯುದ್ದಕ್ಕೂ ಹೇಳಿಕೊಟ್ಟೆ. ಅವಳು ನೆಲ ನೋಡುತ್ತ ಹಾಗೆಯೇ ಹೇಳಿದಳು. ಡಾಕ್ಟರು ಎಂದಿನಂತೆ ಹಿಂದೆ ನಿಂತು ಬೆರಳಿಟ್ಟರು. ಆಮೇಲೆ ಸುತ್ತಿ ಬಂದು ನನ್ನೆದುರಿಗೆ ನಿಂತರು.

"ಹರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಅವರ ಬಾಯಲ್ಲಿ ಸುಳ್ಳು ಹೇಳಿಸಿದಿರಲ್ಲ, ಇನ್ನು ನಾನು ಯಾರ ಹತ್ರ ಕೇಳುವುದು?" ಎಂದರು. ಮತ್ತೆ ತಾವೇ ಹೇಳಿದರು, "ನನ್ನದೂ ತಪ್ಪುಂಟು. ಆರು ವಾರ ಅಂತ ಹೇಳಿಬಿಟ್ಟೆ. ಅಷ್ಟರಲ್ಲಿ ನಿಮ್ಮ ಸೀಸನ್ನೇ ಮುಗೀತದಾ ಅಂತ ಕೇಳ್ಲೇ ಇಲ್ಲ."

ಪುನಃ ಆಪರೇಷನ್ ಮಾಡಿ ಎಂದೆ. ಆಗುವುದಿಲ್ಲ ಎಂದರು. ಸ್ನಾಯು ಹಳೆಯ ಬಟ್ಟೆಯಂತಾಗಿದೆ, ಹೊಲಿದರೆ ನಿಲ್ಲುವುದಿಲ್ಲ. ಇದ್ದದ್ದನ್ನು ಪಳಗಿಸಿದರೆ ಕೈ ಭುಜದ ಮಟ್ಟದವರೆಗೆ ಬರಬಹುದು, ಅದರಿಂದ ಮೇಲೆ ಇಲ್ಲ.

"ನೀವು ಮಾಡದಿದ್ರೆ ಬೇರೆಯವರು ಮಾಡ್ತಾರೆ."

"ಮಾಡ್ಬಹುದು. ಒಳ್ಳೆ ಇಬ್ಬರ ಹೆಸರು ಬರೆದುಕೊಡ್ತೇನೆ, ಹೋಗಿ ತೋರಿಸಿ." ಬರೆದೂ ಕೊಟ್ಟರು. ಅವರು ಜಗಳಕ್ಕೆ ಬಂದಿದ್ದರೆ ನಾನು ಖಂಡಿತ ಹೋಗುತ್ತಿದ್ದೆ. ಆ ಚೀಟಿ ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಯಿತು.

ಆಮೇಲಿನದು ಬರೀ ವ್ಯಾಯಾಮ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವುದು, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು. ಹತ್ತು ದಿನವಾದರೂ ಗೆರೆಯ ಮೇಲೆಯೇ ಗೆರೆ. ಒಂದು ಸಲ ಸಿಟ್ಟಿನಲ್ಲಿ ಪೆನ್ಸಿಲನ್ನು ಬಾವಿಯ ಕಟ್ಟೆಯ ಆಚೆ ಎಸೆದೆ. ಸುಜಾತ ಇನ್ನೊಂದು ತಂದಿಟ್ಟಳು.

ಮುಂದಿನ ಮಳೆಗಾಲದಲ್ಲಿ ಒಂದು ಭಾನುವಾರ ಡಾಕ್ಟರು ಬೋಟು ನಿಲ್ಲಿಸುವ ಜಾಗಕ್ಕೇ ಬಂದರು. ಪ್ಯಾಂಟು ಮಡಚಿ, ಕೆಸರಿನಲ್ಲಿ ಜಾರುತ್ತ, ಬೋಟಿಗೆ ಎರಡು ಸುತ್ತು ಹಾಕಿದರು. "ಬೋಟು ಕೆಳಗೆ ಬರುವುದಿಲ್ಲ. ನೀವು ಮೇಲೆ ಹೋಗ್ಬಹುದಲ್ಲ ಮಾರಾಯ್ರೆ?" ಎರಡು ಡ್ರಮ್ಮು ಉರುಳಿಸಿ ತರಿಸಿ, ಹಲಗೆ ಹಾಕಿಸಿ, ನನ್ನನ್ನು ಹತ್ತಿಸಿದರು. ಅಕ್ಷರ ಎದೆಯ ಮಟ್ಟಕ್ಕೆ ಬರುವ ತನಕ ಹಲಗೆ ಏರಿಸಿ ಇಳಿಸಿದರು. ಕೈ ಎತ್ತದೆಯೇ ಬ್ರಷ್ ತಾಗಿತು. ಮೂವತ್ತು ವರ್ಷ ಇದು ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಎರಡು ಅಕ್ಷರಕ್ಕೊಮ್ಮೆ ಇಳಿದು ಡ್ರಮ್ಮು ಜರುಗಿಸುವ ತಾಳ್ಮೆ ನನಗಿರಲಿಲ್ಲ, ಅಷ್ಟೆ. ಈಗ ಒಂದು ಹೆಸರಿಗೆ ಎರಡು ದಿನ ಹಿಡಿಯುತ್ತದೆ. ಪ್ರತಿ ಸಲ ಇಳಿಯುವಾಗ ಅವರನ್ನು ಬೈಯುತ್ತೇನೆ. ಆದರೂ ಬರೆಯುತ್ತೇನೆ.

ಹೋದ ವರ್ಷ ಎದೆನೋವೆಂದು ಕುಳಿತ ಡಾಕ್ಟರು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ಹಲಗೆಯ ಮೇಲಿದ್ದೆ, ಬಣ್ಣದ ಕೈಯಲ್ಲೇ ಕುದ್ರೋಳಿಯ ಅವರ ಮನೆಗೆ ಓಡಿದೆ. ಅವರನ್ನು ಹೊತ್ತುಕೊಂಡು ಜನ ಮಸೀದಿಗೆ ಹೊರಟಿದ್ದರು. ಹತ್ತು ಹೆಜ್ಜೆಗೊಬ್ಬರು ಹೆಗಲು ಬದಲಿಸುತ್ತಿದ್ದರು. ಅವರ ಕೈಯಲ್ಲಿ ಗುಣವಾದವರು ಎಷ್ಟು ಮಂದಿ ಇದ್ದರೋ, ನೂಕುನುಗ್ಗಲು. ನಾನು ಬದಿಯಲ್ಲಿ ನಡೆಯುತ್ತ ಹೊರುವವರ ನಡುವೆ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಪಕ್ಕದವರೊಬ್ಬರು ಸರಿದು ಜಾಗ ಬಿಟ್ಟರು. ಅದು ಎಡಬದಿ, ಬಲ ಹೆಗಲನ್ನೇ ಕೊಡಬೇಕು. ಭಾರ ಹೊರಲೇಬಾರದ ಹೆಗಲು. ಕೊಟ್ಟೆ. ಶವಮಂಚದ ದಂಡಿಗೆಯನ್ನು ಹಿಡಿಯಲು ಕೈ ಭುಜದವರೆಗೆ ಬಂತು, ಅಷ್ಟೇ ಸಾಕಿತ್ತು. ಎಷ್ಟು ಹೆಜ್ಜೆ ನಡೆದೆನೋ, ಹಿಂದಿನಿಂದ ಯಾರೋ ಬೆನ್ನು ತಟ್ಟಿ ಬಿಡಿಸಿಕೊಂಡರು.

ಮರುದಿನ ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲಾಗಲಿಲ್ಲ. ಎಂತ ಆಯಿತೆಂದು ಸುಜಾತ ಕೇಳಿದಳು. ಈ ಸಲ ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ನನ್ನ ಫೈಲನ್ನು ಕಪಾಟಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಇನ್ನು ಯಾರಿಗೆ ತೋರಿಸುವುದು?" ಎಂದಳು.