ಹಳ್ಳಕ್ಕೆ ಸಲಾಂ ಮಾಡುತ್ತಿದ್ದ ಕರೀಂ ಮಾಸ್ತರರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಸ್ಕಿ ಹಳ್ಳದ ನೀರು ಕೆಂಪಗಾಯಿತು. ನಾಲ್ವರು ಹುಡುಗರು ನಡುಹಳ್ಳದ ಬಂಡೆಯ ಮೇಲಿದ್ದರು. ಅವರನ್ನು ಅಲ್ಲಿಗೆ ಕರೆದೊಯ್ದವನು ನಾನು. ಈಗಲೂ ಕಣ್ಣು ಮುಚ್ಚಿದರೆ ಆ ಬಂಡೆ ಸಣ್ಣದಾಗುತ್ತಾ ಹೋಗುತ್ತದೆ.

ಹುಡುಗರಿಗೆ ತಿರುಗಾಟದ ಹುಚ್ಚು ಹಿಡಿಸಿದವರು ನಾನೂ ಪಾಠ ಹೇಳುತ್ತಿದ್ದ ಶಾಲೆಯ ಕರೀಂ ಮಾಸ್ತರರು. ವಿಲಾಯತಿಗೆ ಹೋಗಿ ಗಿಡಮರಗಳ ಶಾಸ್ತ್ರ ಓದಿ ಬಂದ ಮನುಷ್ಯ, ಪೈಜಾಮ ಮೊಣಕಾಲಿಗೆ ಮಡಚಿ, ಜೇಬಿನ ತುಂಬ ಬೀಜ ತುಂಬಿಕೊಂಡು ಓಡಾಡುತ್ತಿದ್ದರು. ಆ ಕಾಲದಲ್ಲಿ ನಮಗೆ ವಾರದ ರಜೆ ಶುಕ್ರವಾರ; ಅವರು ನಮಾಜು ಮುಗಿಸಿ ಬಂದರೆ ಹುಡುಗರು ರೊಟ್ಟಿ ಕಟ್ಟಿಕೊಂಡು ಬಾಗಿಲಲ್ಲಿರುತ್ತಿದ್ದರು. ಒಮ್ಮೆ ಮುದಗಲ್ ಕೋಟೆಗೂ ಕರೆದೊಯ್ದಿದ್ದರು. “ಪುಸ್ತಕದಾಗಿನ ಗಿಡಕ್ಕ ವಾಸನಿ ಇಲ್ಲ ಬೇಟಾ. ನಡಿ, ಮೂಸಿ ನೋಡೂಣು,” ಎನ್ನುವರು.

ಹಳ್ಳ ದಾಟುವ ಮೊದಲು ಎಲ್ಲರನ್ನೂ ದಂಡೆಯಲ್ಲಿ ಕೂರಿಸುವರು. “ನೀರಿಗೆ ಸಲಾಂ ಮಾಡ್ರಿ. ಅದು ಹೂಂ ಅಂದ ಮ್ಯಾಲೆ ಇಳೀರಿ.” ನನಗದು ಬರೀ ನಾಟಕವೆನಿಸುತ್ತಿತ್ತು. ನಾನೂ ಹೈದರಾಬಾದಿನಲ್ಲಿ ಕಾಲೇಜು ಓದಿದವನೇ. ನನ್ನ ತರಗತಿಯಲ್ಲಿ ಆಕಳಿಸುವ ಹುಡುಗರು ಅವರೆದುರು ಗೂಡಿನ ಹಕ್ಕಿ ಯಾವುದೆಂದು ಜಗಳಾಡುವುದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಮನೆಯಲ್ಲಿ ಅವ್ವ ಬೇರೆ, “ಅವ್ರ ಕೂಡ ನೀನೂ ಒಂದೀಟು ಅಡ್ಡಾಡಬಾರದೇನೋ?” ಎನ್ನುವಳು.

ಆ ಶುಕ್ರವಾರ ಮಾಸ್ತರರಿಗೆ ಜ್ವರ. ನಾನೇ ಹುಡುಗರನ್ನು ಹೊರಡಿಸಿದೆ.

“ಸರ, ಮೊದ್ಲು ಕುಂದ್ರಬೇಕ್ರಿ,” ಎಂದು ಅಳುಕಿದ ನಾಲ್ವರಲ್ಲೊಬ್ಬನಾದ ಮಲ್ಲ.

“ವಿಲಾಯತಿಗೆ ಹೋದವರಿಗಷ್ಟ ನೀರು ಗೊತ್ತೇನಲೇ? ನಡಿ,” ಎಂದೆ.

ಹುಡುಗರು ಮುಂದಾಗಿ ಇಳಿದು ಬಂಡೆ ಹತ್ತಿದ್ದರು, ನಾನಿನ್ನೂ ದಂಡೆಯಲ್ಲಿದ್ದೆ. ಮೇಲೆಲ್ಲೋ ಮಳೆಯಾಗಿತ್ತು. ನೀರು ಏರುತ್ತಿದ್ದಂತೆ ನಾನು ದಂಡೆಯಿಂದ “ಲಗೂನ ಬರ್ರಿ” ಎಂದು ಕೂಗುತ್ತಿದ್ದೆ. ಮಲ್ಲ ಒಂದು ಕಾಲು ಇಳಿಸಿಯೇಬಿಟ್ಟಿದ್ದ. ಆಗ ನನ್ನ ಬೆನ್ನ ಹಿಂದಿನಿಂದ ದನಿ ಬಂತು: “ಇಳೀಬ್ಯಾಡ. ಕುಂದ್ರು.” ಕರೀಂ ಮಾಸ್ತರರು ಕಂಬಳಿ ಹೊದ್ದು ನಿಂತಿದ್ದರು. ಹಳ್ಳದ ದಂಡೆಯ ಮನೆಯಲ್ಲಿ ಮಲಗಿದ್ದವರಿಗೆ ನೀರಿನ ಸದ್ದು ಬದಲಾದದ್ದು ತಿಳಿದಿತ್ತು. ಹುಡುಗರು ಕೂತರು. ನೀರು ಇಳಿಯುವವರೆಗೆ ಮಾಸ್ತರರು ದಂಡೆಯಲ್ಲೇ ಜ್ವರದಲ್ಲಿ ನಡುಗುತ್ತ ಕೂತು, ಹುಡುಗರಿಂದ ಹಕ್ಕಿಗಳ ಹೆಸರು ಒಂದೊಂದೇ ಕೂಗಿ ಹೇಳಿಸಿದರು. ಮಲ್ಲ ಅಳುತ್ತಲೇ ಗೀಜಗ, ಮಿಂಚುಳ್ಳಿ ಎಂದ.

ನಾಲ್ವರೂ ಕ್ಷೇಮವಾಗಿ ದಂಡೆ ಸೇರಿದರು, ಆದರೂ ದೂರು ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೋಯಿತು. ವಿಚಾರಣೆಗೆ ಬಂದ ಸಾಹೇಬರು, “ಈ ತಿರುಗಾಟ ಯಾರದು?” ಎಂದರು. “ನಂದ ರೀ,” ಎಂದರು ಕರೀಂ ಮಾಸ್ತರರು. ಆ ದಿನ ಕರೆದೊಯ್ದವರು ಯಾರೆಂದು ಸಾಹೇಬರು ನನ್ನನ್ನಾಗಲೀ ಹುಡುಗರನ್ನಾಗಲೀ ಕೇಳಲಿಲ್ಲ. ನಾನು ಹೇಳಲಿಲ್ಲ. ಕರೀಂ ಮಾಸ್ತರರನ್ನು ದೂರದ ಜಿಲ್ಲೆಗೆ ವರ್ಗ ಮಾಡಿ ಎತ್ತಿಹಾಕಿದರು, ತಿರುಗಾಟವೂ ಬಂದ್ ಆಯಿತು.

ಹೊರಡುವಾಗ ನನ್ನ ಹೆಗಲು ಮುಟ್ಟಿ, “ಅಂಜಿಕಿ ನಿಮಗ ಬಂದದ, ಹುಡುಗರಿಗೆ ಹಚ್ಚಬ್ಯಾಡ್ರಿ,” ಎಂದರಷ್ಟೆ. ಬಸ್ಸಿನ ಹಿಂದೆ ಹುಡುಗರು ಓಡಿದರು. ನಾಚಿಕೆಗೇಡು, ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು.

ಮೂರು ವಾರ ನಿದ್ದೆಯಿಲ್ಲದೆ ಕಳೆದು, ಒಂದು ಸೋಮವಾರ ಲಿಂಗಸುಗೂರಿಗೆ ಹೋಗಿ ಸಾಹೇಬರ ಎದುರು ನಿಂತು ಎಲ್ಲ ಹೇಳಿದೆ. ಬರೆದುಕೊಡು ಎಂದರು, ಬರೆದುಕೊಟ್ಟೆ. ಮರಳಿ ಬಂದು ಮಲ್ಲನ ಅಪ್ಪನಿಗೂ ಹೇಳಿದೆ. ಆತ, “ಆ ದೇವರಂಥಾ ಮನಷ್ಯಾನ್ನ ಕಳಿಸಿ ಈಗ ಬಂದೀರಲ್ರಿ,” ಎಂದ. ಕರೀಂ ಮಾಸ್ತರರ ಮೇಲಿನ ಕಪ್ಪುಚುಕ್ಕೆಯನ್ನು ಸರ್ಕಾರ ಅಳಿಸಿತು. ಅವರು ಮಾತ್ರ ಮಸ್ಕಿಗೆ ಮತ್ತೆ ಬರಲಿಲ್ಲ.

ಆ ಸೋಮವಾರ ರಾತ್ರಿ ಮಲಗಿದವನು ಮರುದಿನ ಎದ್ದಾಗ ಬಿಸಿಲು ಹಾಸಿಗೆಗೆ ಬಂದಿತ್ತು.