ಪಾಸ್ ಮೇಷ್ಟ್ರ ಕೊನೆಯ ಜೇನುಪೆಟ್ಟಿಗೆ

ಗಾಡಿಗಳ ಹೊಗೆ ತಪಾಸಣೆ ಮಾಡಿ ಚೀಟಿ ಕೊಡುವ ಆತನಿಗೆ ಡ್ರೈವರುಗಳೆಲ್ಲ ಸೇರಿ ಇಟ್ಟ ಹೆಸರು ಪಾಸ್ ಮೇಷ್ಟ್ರು. ಆತನ ಕೈಯಲ್ಲಿ ಫೇಲಾದ ಗಾಡಿಯೇ ಇಲ್ಲ. ಹೊಗೆ ಜಾಸ್ತಿ ಬಂದರೆ ಯಂತ್ರದ ಕೊಳವೆಯನ್ನು ಅಲ್ಲಿಂದ ಕಿತ್ತು, ಅಂಗಡಿ ಮುಂದೆ ನಿಂತ ತನ್ನದೇ ಸ್ಕೂಟರಿಗೆ ತೂರಿಸುತ್ತಿದ್ದ. ಚೀಟಿಯಲ್ಲಿ ಮಾತ್ರ ಬಂದವರ ಗಾಡಿಯ ನಂಬರು.

"ಊರಿನ ಅರ್ಧಕ್ಕರ್ಧ ಗಾಡಿಗಳ ಪರೀಕ್ಷೆ ಬರೆದಿರೋದು ನನ್ನ ಸ್ಕೂಟರೇ ಕಣ್ರಪ್ಪಾ," ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ಬಾಯಿ ಬಾರದ ಆಸಾಮಿ. ಆತ ಅದನ್ನು ದಾಕ್ಷಿಣ್ಯ ಎನ್ನುತ್ತಿದ್ದ, ಹೆಂಡತಿ ಪುಕ್ಕಲುತನ ಎನ್ನುತ್ತಿದ್ದಳು.

ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯಲ್ಲಿ ನಾಲ್ಕು ಜೇನುಪೆಟ್ಟಿಗೆ. ಮಕ್ಕಳಿಲ್ಲದ ಆ ಇಬ್ಬರಿಗೂ ಅವೆಂದರೆ ಪ್ರಾಣ. ಬೆಳಿಗ್ಗೆ ಎದ್ದವನೇ ಪೆಟ್ಟಿಗೆಗೆ ಕಿವಿಯಿಟ್ಟು ಯೋಗಕ್ಷೇಮ ವಿಚಾರಿಸದೆ ಚಹಾ ಕುಡಿಯುತ್ತಿರಲಿಲ್ಲ. ಆ ವರ್ಷ ನೋಡನೋಡುತ್ತಿದ್ದಂತೆ ಮೂರು ಪೆಟ್ಟಿಗೆ ಖಾಲಿಯಾದವು. ಬೆಳಿಗ್ಗೆ ಹೋದ ಹುಳಗಳು ಸಂಜೆ ಬರಲೇ ಇಲ್ಲ. ಆತ ಬಿಸಿಲನ್ನು ಬೈದ, ಇರುವೆಗಳನ್ನು ಬೈದ, ಔಷಧಿ ಹೊಡೆದಿರಬೇಕೆಂದು ಪಕ್ಕದ ಮನೆಯವನ ಜೊತೆ ಮಾತು ಬಿಟ್ಟ. ಕೊನೆಗೆ ಕಾಲೇಜಿನಲ್ಲಿ ಕೀಟಗಳ ಪಾಠ ಹೇಳುವ ಮೇಡಂ ಅವರನ್ನು ಕರೆತಂದ.

"ಹೂವಿನ ವಾಸನೆ ಹಿಡ್ಕೊಂಡು ತಾನೆ ಅವು ಹೋಗೋದು? ಗಾಡಿ ಹೊಗೆ ಆ ವಾಸನೆನ ದಾರೀಲೇ ಕೆಡಿಸಿಬಿಡುತ್ತೆ. ಹುಡುಕಿ ಹುಡುಕಿ ಸುಸ್ತಾಗಿ ಬೀಳ್ತಾವೆ. ಇದೊಂದಾದ್ರೂ ಉಳೀಬೇಕು ಅಂದ್ರೆ ರಸ್ತೆಯಿಂದ ದೂರ ಸಾಗಿಸಿ," ಎಂದರು ಮೇಡಂ. "ಅಂದ ಹಾಗೆ, ನೀವೇನು ಕೆಲಸ ಮಾಡೋದು?"

"ಕೆಳಗೆ... ಒಂದು ಅಂಗಡಿ ಇದೆ ಮೇಡಂ."

ಹೆಂಡತಿ ಬೇಕೆಂದೇ ಕೆಮ್ಮಿದಳು.

ಊರಾಚೆ ಇದ್ದ ಅಕ್ಕನ ಹಿತ್ತಲು ಸರಿ ಎಂದಾಯಿತು. ನಸುಕಿನಲ್ಲಿ, ಹುಳಗಳು ಹೊರಡುವ ಮೊದಲೇ ಪೆಟ್ಟಿಗೆಯ ಬಾಯಿಗೆ ಜಾಲರಿ ಕಟ್ಟಿ, ಪರಿಚಯದ ಡ್ರೈವರನ ವ್ಯಾನಿನ ಹಿಂಬದಿಗೆ ಏರಿಸಿ, ತಾನು ಮುಂದೆ ಕಿಟಕಿ ಪಕ್ಕ ಕೂತ. ಅಕ್ಕನ ಮನೆ ಹತ್ತಿರವಾಗುವಷ್ಟರಲ್ಲಿ ಕಣ್ಣು ಉರಿಯತೊಡಗಿತು.

"ಏನಪ್ಪಾ ಇದು, ಹೊಗೆ ಒಳಗೇ ಬರ್ತಿದೆ?"

"ಸೈಲೆನ್ಸರ್ ತೂತು ಮೇಷ್ಟ್ರೇ. ರಿಪೇರಿ ಮಾಡಿಸೋಣ ಅಂತಿದ್ದೆ. ಅಷ್ಟರಲ್ಲಿ ನೀವು ಪಾಸ್ ಮಾಡಿಬಿಟ್ರಿ, ಇನ್ಯಾಕೆ ಅಂತ ಸುಮ್ಮನಾದೆ."

ಆತ ತಟ್ಟನೆ ಪೆಟ್ಟಿಗೆಯಿದ್ದ ಕಡೆ ತಿರುಗಿದ. "ನಿಲ್ಲಿಸೋ ಗಾಡೀನ!"

ಹಿಂದಿನ ಬಾಗಿಲು ತೆಗೆದರೆ ಹೊಗೆ ಮುಖಕ್ಕೇ ಬಡಿಯಿತು. ಪೆಟ್ಟಿಗೆಗೆ ಕಿವಿಯಿಟ್ಟ, ಸದ್ದಿಲ್ಲ. ಜಾಲರಿ ಬಿಚ್ಚಿದ್ದೇ ತಡ, ಹುಳಗಳು ಹಿಡಿಹಿಡಿಯಾಗಿ ಅಂಗೈಗೆ ಉದುರಿದವು. ಒಂದೂ ಅಲುಗಾಡಲಿಲ್ಲ.

"ಅಯ್ಯಯ್ಯೋ, ಏನಾಯ್ತು ಮೇಷ್ಟ್ರೇ ಇವಕ್ಕೆ?"

"ನಾನೇ ಕೊಂದೆ ಕಣಪ್ಪಾ," ಎಂದ ಆತ.

"ಛೇ ಬಿಡ್ತು ಅನ್ನಿ! ನಿಮ್ಮಂಥ ಒಳ್ಳೇವ್ರು ಉಂಟೇ?" ಎಂದು ಡ್ರೈವರು ಬೆನ್ನು ಸವರಿದ. ಆಮೇಲೆ ಮೆಲ್ಲಗೆ, "ನನ್ನ ಚೀಟಿ ಅವಧಿ ಈ ವಾರ ಮುಗಿಯುತ್ತೆ. ನಾಳೆ ಬರ್ಲಾ?" ಎಂದ.

"ಬಾ. ಆದ್ರೆ ಈ ಸಲ ಪಾಸಾಗಲ್ಲ."

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಡ್ರೈವರು ಜೋರಾಗಿ ನಕ್ಕ.