ಓಡುವ ಚಾವಣಿ ಯಾರದು?

ಕೋವಿಡ್ ಮುಗಿದು ಕೋರ್ಟುಗಳು ಮತ್ತೆ ತುಂಬತೊಡಗಿದ ಮೇಲಿನ ಮಾತಿದು. ಹಳಿಯಾಳದಲ್ಲಿ ನಾನು ವಕೀಲಿಕೆ ಹಿಡಿದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಹೊಲದ ಬದು, ಕಬ್ಬಿನ ಟ್ರಾಲಿಯ ಅಪಘಾತ, ಅಣ್ಣತಮ್ಮಂದಿರ ಪಾಲು, ಹೀಗೆ ನನ್ನ ಕಕ್ಷಿದಾರರ ಜಗಳಗಳೆಲ್ಲ ಕೈಯಿಂದ ಮುಟ್ಟಿ ನೋಡಬಹುದಾದಂಥವು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಶಮೀಮಬಾನು ಎಂಬ ಹೆಣ್ಣುಮಗಳು ಬಂದು, "ಅಕ್ಕಾರ, ನಮ್ಮ ಮನಿಯವರ ಐಡಿಯಾ ಕಳುವಾಗೈತ್ರಿ" ಎಂದಾಗ, "ಐಡಿಯಾ ಏನು ಎಮ್ಮಿ ಐತೇನವ್ವಾ, ಹಗ್ಗ ಬಿಚ್ಚಿ ಹೊಡಕೊಂಡು ಹೋಗಾಕ?" ಎಂದು ಗದರಿಯೇ ಬಿಟ್ಟೆ. ಆಕೆ ಎದ್ದು ಹೋಗಲಿಲ್ಲ.

ಆಕೆ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಳು. ಗಂಡ ದಾವಲಸಾಬ, ಆತನ ಗೆಳೆಯ ಫಕೀರಪ್ಪ ಇಬ್ಬರೂ ಸೇರಿ ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ನಡೆಸಿದ್ದರು. ಒಂದೇ ಬುತ್ತಿ ಹಂಚಿಕೊಂಡು ಉಣ್ಣುವಷ್ಟು ಸಲಿಗೆ. ದಾವಲಸಾಬ ಎದೆನೋವಿನಿಂದ ತೀರಿಕೊಂಡಾಗ ಫಕೀರಪ್ಪ ಅವನ ಪಾಲನ್ನು ಯಾರೂ ಕೇಳುವ ಮೊದಲೇ ಶಮೀಮಳ ಕೈಗೆ ತಂದು ಕೊಟ್ಟಿದ್ದ. ರೊಕ್ಕದ ತಂಟೆ ಇರಲೇ ಇಲ್ಲ. ತಂಟೆ ಇದ್ದದ್ದು ಒಂದು ತಗಡಿನ ಚಾವಣಿಯದು.

ಮುಂಡಗೋಡದ ಕಡೆ ಗೋವಿನಜೋಳ ಕಟಾವಿಗೆ ಬರುವುದು ಮಧ್ಯಾಹ್ನದ ಮಳೆ ಇನ್ನೂ ಪೂರ್ತಿ ಬಿಡದ ದಿನಗಳಲ್ಲಿ. ಕಣದಲ್ಲಿ ಹರವಿದ ಕಾಳು ನೆನೆದರೆ ಬೂಷ್ಟು ಹಿಡಿಯುತ್ತದೆ, ವ್ಯಾಪಾರಿ ಮೂಗು ಮುರಿಯುತ್ತಾನೆ. ಗೆಳೆಯರಿಬ್ಬರೂ ಒಮ್ಮೆ ಟಿಬೆಟನ್ ಕಾಲೊನಿಯ ಒಂದು ಮನೆಗೆ ಗೇಟು ಕೂಡಿಸಲು ಹೋಗಿದ್ದಾಗ ಮೋಡ ಕವಿಯಿತು. ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಓಡಾಡಿದರೂ ಅರ್ಧ ಕಾಳು ನೆನೆದೇ ಹೋಯಿತು. ಚಹಾ ಕುಡಿಯುತ್ತ ನಿಂತಿದ್ದ ದಾವಲಸಾಬ, "ಕಾಳು ಹೊತ್ತು ಚಾವಣಿ ಕಡೆ ಯಾಕ ಓಡಬೇಕಲೇ? ಚಾವಣೀನ ಕಾಳಿನ ಕಡೆ ಓಡಿಸೂಣು" ಎಂದನಂತೆ. ಕಣದ ಎರಡೂ ಬದಿಗೆ ಕಬ್ಬಿಣದ ಹಳಿ, ಹಳಿಯ ಮೇಲೆ ಗಾಲಿ, ಗಾಲಿಯ ಮೇಲೆ ಚಾವಣಿ. ಮಳೆ ಬಂದರೆ ಒಬ್ಬರೇ ತಳ್ಳಿ ಮುಚ್ಚಬಹುದು. ಅದೇ ಸಂಜೆ ಇಬ್ಬರೂ ಶಮೀಮಳ ಮನೆಯಲ್ಲಿ ಕೂತು, ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಅದನ್ನು ಗೀಚಿದ್ದರು.

ದಾವಲಸಾಬ ತೀರಿಕೊಂಡ ಮೇಲೆ ಫಕೀರಪ್ಪ ಆ ಚಾವಣಿಯನ್ನು ಮಾಡಿ ಮಾರತೊಡಗಿದ, ಬೇಡಿಕೆ ಕುದುರಿತು. ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ "ಶೋಧಕ: ಫಕೀರಪ್ಪ" ಎಂದು ಬರೆದಿತ್ತು. ಶಮೀಮಳ ಹತ್ತನೇ ಕ್ಲಾಸಿನ ಮಗಳು ಆಯೇಷಾ, "ಇದು ನಮ್ಮ ಅಬ್ಬಾನ ಐಡಿಯಾ" ಎಂದು ಕ್ಲಾಸಿನಲ್ಲಿ ಹೇಳಿದ್ದಕ್ಕೆ, ಎಲ್ಲರೂ ಸುಳ್ಳಬುರುಕಿ ಎಂದು ನಕ್ಕಿದ್ದರು. "ಈಗ ದಿನಾ ಸಾಲಿಗೆ ಹೋಗೂಮುಂದ ಹೊಟ್ಟಿನೋವು ಅಂತಾಳ್ರಿ," ಎಂದಳು ಶಮೀಮ.

ನಾನು ಕಾನೂನನ್ನು ಬಿಡಿಸಿ ಹೇಳಿದೆ. ತಲೆಯಲ್ಲಿ ಹೊಳೆದ ಬರೀ ಐಡಿಯಾಕ್ಕೆ ಮಾಲೀಕರಿಲ್ಲ. ಹೊಸ ಸಾಧನ ಕಂಡುಹಿಡಿದವರು ಪೇಟೆಂಟ್ ಪಡೆಯಬಹುದು, ಅಂದರೆ ಗೊತ್ತಾದ ಅವಧಿಯವರೆಗೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಆದರೆ ಸಾಧನ ಜನರ ಕಣ್ಣಿಗೆ ಬೀಳುವ ಮೊದಲೇ ಅರ್ಜಿ ಹಾಕಬೇಕು. ಇದೋ ಬಟಾಬಯಲಿನ ಕಣದಲ್ಲಿ ನಿಂತ ಚಾವಣಿ! "ನನಗ ಹಕ್ಕೂ ಬ್ಯಾಡ, ರೊಕ್ಕಾನೂ ಬ್ಯಾಡ್ರಿ," ಎಂದಳು. "ಅವರದೊಂದು ಹೆಸರು ಬರಸ್ರಿ ಸಾಕು. ನನ್ನ ಮಗಳು ಸುಳ್ಳು ಹೇಳಿಲ್ಲಂತ ಗೊತ್ತಾಗ್ಲಿ."

ಫಕೀರಪ್ಪನನ್ನು ಕರೆಸಿ ಶಮೀಮಳ ಎದುರೇ ಕೂಡಿಸಿದೆ. ಅವನು ತೋಳು ಮೇಲೇರಿಸಿ ಸುಟ್ಟ ಕಲೆ ತೋರಿಸಿದ. "ಅವ ಬಾಯಿಲೆ ಒಂದು ಮಾತಂದು ಹೋದಾ ಮೇಡಮ್. ಮೊದಲನೇದು ಹಳಿ ಬಿಟ್ಟು ಇಳೀತು. ಎರಡನೇದು ಗಾಳಿಗೆ ಹಾರಿ ಮಂದಿ ದನದ ಕೊಟ್ಟಿಗಿ ಮ್ಯಾಲೆ ಬಿತ್ತು. ಗಾಳಿಗೆ ಏಳಧಂಗ ಕೊಕ್ಕಿ ಹಾಕಿದಾಂವ ಯಾರ್ರಿ? ನಾನಲ್ಲೇನು?"

ಅವನ ಮಾತೂ ಸುಳ್ಳಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಒಬ್ಬರದು ಕಳ್ಳಾಟ ಎಂದಿದ್ದರೆ ಬಯ್ದು ಕಳಿಸುತ್ತಿದ್ದೆ. "ಎರಡೂ ಹೆಸರು ಬರೀರಿ, ಬಣ್ಣಕ್ಕೇನು ಬರಗಾಲ ಐತೇನು?" ಎಂದೆ. "ಬಣ್ಣದ ಮಾತಲ್ರಿ. ಅವನ ಹೆಸರು ಬರದ್ರ, ಅವ ಹೇಳಿದ್ದು ಮಾಡಿದ ಕೂಲಿ ಆಳು ನಾ ಅಂತಾರ ಮಂದಿ" ಎಂದು ಎದ್ದು ಹೋದ. ಶಮೀಮ ಸೆರಗು ಸರಿಪಡಿಸಿಕೊಂಡು ಹೊರಟಳು.

ಮರುವರ್ಷ ದಸರೆ ಕಳೆದ ಮೇಲೆ ಫಕೀರಪ್ಪ ತಾನಾಗಿಯೇ ಬಂದ. ಮುಖ ಬಾಡಿತ್ತು. ಮುಂಡಗೋಡದ ಒಬ್ಬ ವೆಲ್ಡರ್ ಅಂಥದೇ ಚಾವಣಿ, ಅಂಥದೇ ಕೊಕ್ಕಿ ಮಾಡಿ, ತನ್ನ ಹೆಸರು ಬರೆಸಿ ಮಾರುತ್ತಿದ್ದ. ಸಾಲದ್ದಕ್ಕೆ, ಫಕೀರಪ್ಪನೇ ತನ್ನದನ್ನು ನೋಡಿ ಕದ್ದ ಎಂದು ಹಬ್ಬಿಸಿದ್ದ. "ಮಂದಿ ನನ್ನ ಕಳ್ಳ ಅನ್ನಾಕತ್ತಾರ್ರಿ. ನೋಟಿಸ್ ಕೊಡ್ರಿ." ಶಮೀಮಳಿಗೆ ಹೇಳಿದ ಕಾನೂನನ್ನೇ ಅವನಿಗೂ ಹೇಳಿದೆ. ಅವನು ಬಿಡಲಿಲ್ಲ. "ಹೆಸರರೆ ಉಳೀಲಿ ಮೇಡಮ್. ಇದು ನಮ್ಮ ಅಂಗಡ್ಯಾಗ ಹುಟ್ಟಿದ್ದಂತ ಸಾಕ್ಷಿ ಹೇಳಸ್ತೇನಿ."

"ಯಾರ ಕಡೆಯಿಂದ? ಮೊದಲನೇ ದಿನದಿಂದ ಬಲ್ಲವರು ಯಾರದಾರ?"

ಅವನು ನೆಲ ನೋಡುತ್ತ, "ಶಮೀಮ ಭಾಬಿ," ಎಂದ.

"ಯಾವ ಮುಖ ಇಟ್ಟುಕೊಂಡು ಕರೀತೀರಿ?" ಎಂದು ನಾನು ರೇಗಿದೆ. ಆದರೂ ಹೇಳಿ ಕಳಿಸಿದೆ. ಬರಲೇಬೇಕೆಂದಿಲ್ಲ ಎಂದೂ ತಿಳಿಸಿದೆ. ಆಕೆ ಬಂದಳು. ಅವನ ಎದುರು ಕೂತು, "ಆ ದಿನ ಕಾಲೊನ್ಯಾಗ ಏನಾತು, ನೀವ ಹೇಳ್ರಿ ಫಕೀರಣ್ಣಾ. ಖರೇ ಇದ್ರ ಹೌದಂತೇನಿ" ಎಂದಳು.

"ನಾವು ಗೇಟು ಕೂಡ್ಸಾಕ ಹೋಗಿದ್ವಿ..." ಎಂದು ಶುರುಮಾಡಿ ನಿಲ್ಲಿಸಿದ. ಮತ್ತೆ ಶುರುಮಾಡಿದ. ಆಮೇಲೆ ಕಟ್ಟೆಯೊಡೆದಂತೆ ಬಂತು. "ದಾವಲ್ ಚಾ ಕುಡೀತಿದ್ದ. ಚಾವಣೀನ ಓಡಿಸೂಣು ಅಂದ. ನಾ ನಕ್ಕೆ. ಹುಚ್ಚ ಹಿಡದೈತೇನಲೇ ನಿನಗ ಅಂದೆ. ಅವ ಅನ್ನದಿದ್ರ ನನ್ನ ತಲ್ಯಾಗ ಜನ್ಮದಾಗ ಹೊಳೀತಿದ್ದಿಲ್ಲ, ಭಾಬಿ." ಅಷ್ಟು ದೊಡ್ಡ ಆಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಹೌದು," ಎಂದಳು ಶಮೀಮ. "ಇವತ್ತು ನಿಮಗ ಸಾಕ್ಷಿ ಬೇಕಾತು. ಹೋದ ವರ್ಷ ನನ್ನ ಮಗಳಿಗೂ ಬೇಕಾಗಿತ್ತು."

ಆಕೆ ಹೇಳಿಕೆಗೆ ಸಹಿ ಹಾಕಿದಳು. ನಾನು ನೋಟಿಸ್ ಕಳಿಸಿದೆ, ನಿರೀಕ್ಷಿಸಿದ್ದಂತೆಯೇ ಅದರಿಂದ ಏನೂ ಉಪಯೋಗವಾಗಲಿಲ್ಲ. ಈಗ ಜೊಯಿಡಾದವರೆಗೂ ಅಂಥ ಚಾವಣಿಗಳಿವೆ, ಯಾರ್ಯಾರದೋ ಹೆಸರು ಹೊತ್ತು. ಫಕೀರಪ್ಪನ ಅಂಗಡಿಯಿಂದ ಹೊರಡುವ ಚಾವಣಿಗಳ ಮೇಲೆ ಮಾತ್ರ ದಾವಲಸಾಬನ ಹೆಸರು ಮೊದಲು, ಅವನದು ಆಮೇಲೆ.

ಕಾನೂನಿನಲ್ಲಿ ಕಾಲಮಿತಿ ಎಂಬುದೊಂದಿದೆ. ಇಂತಿಷ್ಟು ವರ್ಷದೊಳಗೆ ಬರದಿದ್ದರೆ ಎಷ್ಟೇ ನ್ಯಾಯವಿದ್ದರೂ ಕೋರ್ಟು ಬಾಗಿಲು ತೆರೆಯುವುದಿಲ್ಲ. ಐಡಿಯಾಕ್ಕೆ ಕಾನೂನು ಮಾಲೀಕನನ್ನು ಕೊಡುವುದಿಲ್ಲ, ನಿಜ. "ಇದು ನಿನ್ನಿಂದ ಬಂತು" ಎಂಬ ಒಂದು ಮಾತನ್ನು ಮನುಷ್ಯರು ಕೊಡಬಹುದು, ಆದರೆ ಅದಕ್ಕೂ ಕಾಲಮಿತಿ ಇದೆ ಎಂದು ನನಗೆ ಈ ಪ್ರಕರಣ ಕಲಿಸಿತು. ಶಮೀಮ ಹೇಳಿಕೆಗೆ ಸಹಿ ಹಾಕಿದ ಆ ಸಂಜೆ ಫಕೀರಪ್ಪ ಅವಳ ಮನೆಗೆ ಹೋಗಿ ಆಯೇಷಾಳ ಮುಂದೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದನಂತೆ. ಹುಡುಗಿ ಕೊನೆಯವರೆಗೂ ಕೇಳಿ, "ಇದನ್ನ ನಮ್ಮ ಕ್ಲಾಸಿಗೆ ಬಂದು ಹೇಳ್ತೀರೇನ್ರಿ ಕಾಕಾ?" ಎಂದಳಂತೆ. ಹತ್ತನೇ ಕ್ಲಾಸು ಮುಗಿದು ಆ ಮಕ್ಕಳೆಲ್ಲ ಆಗಲೇ ದಿಕ್ಕಿಗೊಬ್ಬರಾಗಿ ಹೋಗಿದ್ದರು.